ಗೆರೆಯಿಂದ ಎಷ್ಟು ದೂರ?

2020ರ ಮಾರ್ಚ್ 12, ಗುರುವಾರ. ಕೋವಿಡ್ಡನ್ನು ಜಾಗತಿಕ ಪಿಡುಗು ಎಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿ ಒಂದು ದಿನ ಕಳೆದಿತ್ತು. ಷೇರುಪೇಟೆಯ ಸೂಚ್ಯಂಕ ನಿಫ್ಟಿ ಅಂದು ಶೇ 8ಕ್ಕೂ ಹೆಚ್ಚು ಕುಸಿದು 9,590ಕ್ಕೆ ಬಂದು ನಿಂತಿತು. ಸಂಜೆ ನಾನು ಚಾರ್ಟ್ ತೆರೆದು ನೋಡಿದೆ. 200 ದಿನಗಳ ಸರಾಸರಿಯ ಗೆರೆ 11,680ರ ಆಸುಪಾಸಿನಲ್ಲಿ ಏನೂ ಆಗಿಲ್ಲವೆಂಬಂತೆ ಮಲಗಿತ್ತು. ಬೆಲೆ ಅದಕ್ಕಿಂತ ಸುಮಾರು ಶೇ 18ರಷ್ಟು ಕೆಳಗಿತ್ತು. ಹಿಂದಿನ ಎಂಟು ವರ್ಷಗಳಲ್ಲಿ ಸೂಚ್ಯಂಕ ಆ ಗೆರೆಯಿಂದ ಇಷ್ಟು ಕೆಳಗೆ ಜಾರಿದ್ದನ್ನು ನಾನು ಕಂಡಿರಲಿಲ್ಲ. ‘ಇನ್ನೆಷ್ಟು ಬಿದ್ದೀತು? ರಬ್ಬರು ಇಷ್ಟು ಎಳೆದ ಮೇಲೆ ಹಿಂದಕ್ಕೆ ಬರಲೇಬೇಕಲ್ಲ’ ಅಂದುಕೊಂಡು, ಕೈಯಲ್ಲಿದ್ದ ಹಣದಲ್ಲಿ ದೊಡ್ಡ ಪಾಲನ್ನು ಇಂಡೆಕ್ಸ್ ಫಂಡಿಗೆ ಹಾಕಿದೆ.

ಆಮೇಲೆ ಏಳೇ ವಹಿವಾಟಿನ ದಿನ. ಮಾರ್ಚ್ 23ರ ಸೋಮವಾರ ನಿಫ್ಟಿ ಒಂದೇ ದಿನ ಶೇ 13ರಷ್ಟು ಇಳಿದು 7,610ಕ್ಕೆ ಮುಟ್ಟಿತು. ನಾನು ‘ತಳ’ ಎಂದುಕೊಂಡ ಜಾಗದಿಂದ ಇನ್ನೂ ಶೇ 20ರಷ್ಟು ಕೆಳಗೆ. ಬೆಲೆ ಸುಮಾರು ಎರಡು ಸಾವಿರ ಅಂಕ ಉರುಳುವಷ್ಟರಲ್ಲಿ ಆ ಗೆರೆ ಸರಿದದ್ದು ನೂರರಷ್ಟು ಅಂಕ. ಶೇ 18 ಇದ್ದ ದೂರ ಶೇ 34ರ ಆಸುಪಾಸಾಯಿತು. ರಬ್ಬರಿಗೆ ಇನ್ನೂ ಅಷ್ಟೇ ಎಳೆತ ಬಾಕಿ ಇತ್ತು!

ಒಂದು ವರ್ಷ ಬಿಟ್ಟು ನೋಡಿದರೆ ಆ ಖರೀದಿ ಚೆನ್ನಾಗಿಯೇ ಫಲ ಕೊಟ್ಟಿತ್ತು. 2021ರ ಮಾರ್ಚಿನಲ್ಲಿ ನಿಫ್ಟಿ 15,000ದ ಬಳಿ ಇತ್ತು. ಆದರೆ ಅದು ಸಾಲದ ಹಣವಾಗಿರಲಿಲ್ಲ, ಫ್ಯೂಚರ್ಸ್ ಆಗಿರಲಿಲ್ಲ, ಆದ್ದರಿಂದ ಉಳಿದುಕೊಂಡೆ. ಅದೇ ಲೆಕ್ಕವನ್ನು ನಂಬಿ ಅದೇ ದಿನ ಮಾರ್ಜಿನ್ ಮೇಲೆ ಕೊಂಡವರನ್ನು ಆ ಏಳು ದಿನಗಳೊಳಗೇ ಬ್ರೋಕರುಗಳು ಮಾರಿ ಹೊರಗೆ ಹಾಕಿದ್ದರು. ಲೆಕ್ಕ ಒಂದೇ. ಒಬ್ಬನಿಗೆ ವರ್ಷದಲ್ಲಿ ಅರ್ಧಕ್ಕೂ ಹೆಚ್ಚು ಲಾಭ, ಇನ್ನೊಬ್ಬನ ಖಾತೆ ಸೊನ್ನೆ. ಅಂದಿನಿಂದ ಈ ‘ದೂರ’ ಎಂಬ ಅಳತೆಯ ಮೇಲೆ ನನಗೊಂದು ಕುತೂಹಲ, ಜೊತೆಗೆ ಒಂದು ಗುಮಾನಿ.

ಅಳತೆಯಂತೂ ಬಲು ಸರಳ. ಕಳೆದ 20 ದಿನಗಳ ಮುಕ್ತಾಯ ಬೆಲೆಗಳನ್ನು ಕೂಡಿ 20ರಿಂದ ಭಾಗಿಸಿದರೆ 20 ದಿನದ ಸರಾಸರಿ. ನಾಳೆ ಹೊಸ ದಿನವೊಂದು ಸೇರುತ್ತದೆ, ಹಳೆಯ ದಿನವೊಂದು ಉದುರುತ್ತದೆ; ಹಾಗಾಗಿ ಅದು ಚಲಿಸುವ ಸರಾಸರಿ, ಪೇಟೆಯವರ ಬಾಯಲ್ಲಿ ಡಿಎಂಎ. ಇಂದಿನ ಬೆಲೆಯಿಂದ ಆ ಸರಾಸರಿಯನ್ನು ಕಳೆದು, ಸರಾಸರಿಯಿಂದಲೇ ಭಾಗಿಸಿ, ನೂರರಿಂದ ಗುಣಿಸಿದರೆ ಶೇಕಡಾ ದೂರ ಸಿಗುತ್ತದೆ. ಈಗ ಫೋನಿನಲ್ಲಿ ಬೆರಳು ಮುಟ್ಟಿಸಿದರೆ ಸಾಕು. ಬೆಂಗಳೂರಿನ ಜೆ.ಸಿ. ರಸ್ತೆಯ ಷೇರು ವಿನಿಮಯ ಕೇಂದ್ರ ಬದುಕಿದ್ದ ಕಾಲದಲ್ಲಿ (ಅದು 2014ರಲ್ಲಿ ವಿನಿಮಯ ಕೇಂದ್ರವಾಗಿ ಉಳಿಯದೆ ಹೊರಬಿತ್ತು) ಆ ಕಡೆ ಓಡಾಡುತ್ತಿದ್ದ ಹಿರಿಯರೊಬ್ಬರು ಇದನ್ನು ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ಕೈಯಾರೆ ಬರೆಯುತ್ತಿದ್ದರು. ಹಳೆಯ ಮೊತ್ತಕ್ಕೆ ಇವತ್ತಿನ ಬೆಲೆ ಕೂಡು, 201ನೆಯ ದಿನದ್ದನ್ನು ಕಳೆ, 200ರಿಂದ ಭಾಗಿಸು. ಅವರು ಪ್ರತಿದಿನ ಕೇಳುತ್ತಿದ್ದ ಪ್ರಶ್ನೆ ‘ಇವತ್ತು ಎಷ್ಟಾಯ್ತು?’ ಎಂದಲ್ಲ, ‘ಇವತ್ತು ಯಾವ ದಿನ ಉದುರಿತು?’ ಎಂದು. ಆಗ ವಿಚಿತ್ರವೆನಿಸಿತ್ತು. ಬೆಲೆ ಕದಲದಿದ್ದರೂ ಒಂಬತ್ತೋ ಹತ್ತೋ ತಿಂಗಳ ಹಿಂದಿನ ಕೆಟ್ಟ ದಿನವೊಂದು ಲೆಕ್ಕದಿಂದ ಜಾರಿದರೆ ಸರಾಸರಿ ಏರುತ್ತದೆ ಎಂಬುದು ಅವರಿಗೆ ಕೈಬರಹದಿಂದಲೇ ಮನದಟ್ಟಾಗಿತ್ತು. ಪರದೆಯ ಮೇಲೆ ಬಣ್ಣದ ಗೆರೆ ನೋಡುವ ನಮಗೆ ಅದು ಸುಲಭಕ್ಕೆ ಹೊಳೆಯುವುದಿಲ್ಲ.

ಎಲ್ಲ ಗೊಂದಲದ ಬೇರು ಇರುವುದು ಇಲ್ಲೇ. ಬೆಲೆ ಎಂಬುದು ಕರು, ಸರಾಸರಿ ಎಂಬುದು ಹಸು ಎಂದುಕೊಳ್ಳಿ. ಕರು ಚಂಗನೆ ನೆಗೆದು ಮುಂದಕ್ಕೆ ಓಡುತ್ತದೆ, ಹಸು ತನ್ನ ಪಾಡಿಗೆ ಮೇಯುತ್ತ ನಿಧಾನಕ್ಕೆ ಹೆಜ್ಜೆ ಹಾಕುತ್ತದೆ. ಎರಡರ ನಡುವಿನ ದೂರ ಬಹಳವಾದಾಗ ಮತ್ತೆ ಒಂದುಗೂಡುತ್ತವೆ, ನಿಜ. ಆದರೆ ಪ್ರತಿ ಸಲವೂ ಕರುವೇ ಹಿಂದಿರುಗಿ ಬರುತ್ತದೆ ಅಂತ ಹೇಳಿದವರು ಯಾರು? ಕರು ಮುಂದೆ ಹೋಗಿ ಒಳ್ಳೆಯ ಹುಲ್ಲು ಕಂಡು ಅಲ್ಲೇ ನಿಂತರೆ ಹಸುವೇ ನಡೆದು ಅದರ ಬಳಿಗೆ ಹೋಗುತ್ತದೆ.

ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ಒಂದು ಷೇರು ತಿಂಗಳುಗಟ್ಟಲೆ 500 ರೂಪಾಯಿಯಲ್ಲೇ ಇತ್ತು. ಒಂದು ದಿನ 560ಕ್ಕೆ ಜಿಗಿಯಿತು. ಆ ದಿನ 20 ದಿನದ ಸರಾಸರಿ 503, ದೂರ ಶೇ 11ಕ್ಕೂ ಹೆಚ್ಚು. ‘ಜಾಸ್ತಿ ಏರಿದೆ, ಕೆಳಗೆ ಬರುತ್ತೆ’ ಎಂದು ಒಬ್ಬ ಮಾರಿದ ಅನ್ನಿ. ಷೇರು ಏರಲೂ ಇಲ್ಲ, ಇಳಿಯಲೂ ಇಲ್ಲ, 560ರಲ್ಲೇ ಕೂತಿತು. ಹತ್ತನೆಯ ದಿನಕ್ಕೆ ಸರಾಸರಿ 530, ದೂರ ಶೇ 6ಕ್ಕಿಂತ ಕಡಿಮೆ. ಇಪ್ಪತ್ತನೆಯ ದಿನ ಸರಾಸರಿಯೇ 560, ದೂರ ಸೊನ್ನೆ. ‘ಬೆಲೆ ಸರಾಸರಿಗೆ ಮರಳುತ್ತದೆ’ ಎಂಬ ಮಾತು ಅಕ್ಷರಶಃ ನಿಜವಾಯಿತು, ಮಾರಿದವನಿಗೆ ಒಂದು ಪೈಸೆಯೂ ಗಿಟ್ಟಲಿಲ್ಲ. ದೂರ ಅಳಿಯಿತು, ಬೆಲೆ ಅಲುಗಲಿಲ್ಲ.

ಇದು ಬರೀ ಕಾಗದದ ಲೆಕ್ಕವಲ್ಲ. 2021ರ ಫೆಬ್ರುವರಿ ಮಧ್ಯದಲ್ಲಿ ನಿಫ್ಟಿ 15,300 ದಾಟಿದಾಗ 200 ದಿನದ ಸರಾಸರಿ ಇನ್ನೂ 12,000ದ ಬಳಿ ತೆವಳುತ್ತಿತ್ತು. ದೂರ ಕಾಲು ಭಾಗಕ್ಕೂ ಹೆಚ್ಚು. ಟೀವಿಯಲ್ಲಿ, ವಾಟ್ಸ್ಆ್ಯಪ್ ಗುಂಪುಗಳಲ್ಲಿ ಎಲ್ಲರೂ ಕೈ ಎತ್ತಿ ‘ಗೆರೆಗೆ ಬರಲೇಬೇಕು’ ಎಂದರು. ನಂತರ ಕೋವಿಡ್ಡಿನ ಎರಡನೇ ಅಲೆ ಬಂತು, ಆಮ್ಲಜನಕಕ್ಕೆ ಹಾಹಾಕಾರವೆದ್ದಿತು. ಇಳಿಯಲು ಇದಕ್ಕಿಂತ ದೊಡ್ಡ ಕಾರಣ ಬೇಕಿರಲಿಲ್ಲ. ಏಪ್ರಿಲ್‌ನಲ್ಲಿ ನಿಫ್ಟಿ 14,200ರ ಆಸುಪಾಸಿಗೆ ಇಳಿದು ಅಲ್ಲಿಂದ ತಿರುಗಿತು. ಆ ಮೂರ್ನಾಲ್ಕು ತಿಂಗಳು ಬೆಲೆ ಒಂದೇ ಪಟ್ಟಿಯೊಳಗೆ ಓಲಾಡುತ್ತಿರುವಾಗ ಸರಾಸರಿ ಸದ್ದಿಲ್ಲದೆ ಮೇಲೆ ಹತ್ತಿ ಬಂತು. ಅಕ್ಟೋಬರ್ 19ರಂದು ಸೂಚ್ಯಂಕ 18,604 ಮುಟ್ಟಿತು. ಫೆಬ್ರುವರಿಯಲ್ಲಿ ಎಲ್ಲರೂ ಕಾದು ಕೂತ ಆ 12,000ಕ್ಕೆ ನಿಫ್ಟಿ ಆಮೇಲೆ ಬಂದೇ ಇಲ್ಲ. ಹಸು ನಡೆದು ಹೋಯಿತು.

2020ರಲ್ಲಿ ಮಾತ್ರ ಕರು, ಹಸು ಎರಡೂ ನಡೆದವು. ಬೆಲೆ 7,610ರಿಂದ ಮೇಲೆದ್ದಿತು, ಸರಾಸರಿ ಕೆಳಗೆ ಜಾರಿತು, ಜುಲೈ ಹೊತ್ತಿಗೆ 11,000ದ ಆಸುಪಾಸಿನಲ್ಲಿ ಕೂಡಿಕೊಂಡವು.

ದೂರವನ್ನು ವ್ಯಾಪಾರದ ಸೂಚನೆಯಾಗಿ ಬಳಸುವ ಚಾಳಿ ಹೊಸದೇನಲ್ಲ. ಅಮೆರಿಕದ ಜೋಸೆಫ್ ಗ್ರಾನ್‌ವಿಲ್ 1960ರಲ್ಲಿ 200 ದಿನದ ಸರಾಸರಿಗೆ ಎಂಟು ಸೂತ್ರಗಳನ್ನು ಕಟ್ಟಿಕೊಟ್ಟ. ಅವುಗಳಲ್ಲಿ ಎರಡು ಈ ದೂರದ್ದೇ. ಇಳಿಯುವ ಗೆರೆಗಿಂತ ಬೆಲೆ ತೀರಾ ಕೆಳಗೆ ರಭಸದಿಂದ ಬಿದ್ದರೆ ಚಿಕ್ಕದೊಂದು ಪುಟಿತ ನಿರೀಕ್ಷಿಸು; ಏರುವ ಗೆರೆಗಿಂತ ತೀರಾ ಮೇಲೆ ಹಾರಿದರೆ ಚಿಕ್ಕದೊಂದು ಹಿಂಜರಿತ ನಿರೀಕ್ಷಿಸು. ‘ಚಿಕ್ಕದೊಂದು’ ಎಂಬ ಮಾತು ಅಲ್ಲಿ ಎದ್ದು ಕಾಣುತ್ತದೆ. ಅದನ್ನು ನಾವು ಆರಾಮವಾಗಿ ಮರೆತಿದ್ದೇವೆ. ಜಪಾನೀಯರು ಗ್ರಾನ್‌ವಿಲ್‌ನನ್ನು ಅವನ ದೇಶದವರಿಗಿಂತ ಹೆಚ್ಚು ಹಚ್ಚಿಕೊಂಡರು. ಅವರ ಚಾರ್ಟುಗಳಲ್ಲಿ 25 ದಿನದ ಸರಾಸರಿಯಿಂದ ದೂರ ಅಳೆಯುವ ಒಂದು ಕಾಲಮ್ಮೇ ಇರುತ್ತದೆ. ಅದಕ್ಕೆ ‘ಕೈರಿ’ ಎಂದು ಹೆಸರು. ಅರ್ಥ ಹತ್ತಿರ ಹತ್ತಿರ ನಮ್ಮ ‘ಅಗಲಿಕೆ’. ಶೇಕಡಾವಾರು ಪಟ್ಟಿಗೆ ಇಷ್ಟು ವಿರಹದ ಹೆಸರು ಇಟ್ಟವರು ಖಂಡಿತ ನಷ್ಟ ಅನುಭವಿಸಿದವರೇ ಇರಬೇಕು.

ಗ್ರಾನ್‌ವಿಲ್ ಬಗ್ಗೆ ಇನ್ನೊಂದು ಮಾತು. ಆತ ಬರೀ ಸೂತ್ರಗಾರನಲ್ಲ, ಪ್ರದರ್ಶಕ. ಸಭೆಗಳಲ್ಲಿ ಪಿಯಾನೊ ನುಡಿಸುವ ಚಿಂಪಾಂಜಿಯನ್ನು ವೇದಿಕೆಗೆ ತಂದದ್ದುಂಟು. 1981ರ ಜನವರಿಯಲ್ಲಿ ‘ಎಲ್ಲ ಮಾರಿ’ ಎಂದು ಚಂದಾದಾರರಿಗೆ ಸಂದೇಶ ಕಳಿಸಿದಾಗ ಇಡೀ ವಾಲ್‌ಸ್ಟ್ರೀಟ್ ಒಂದು ದಿನ ನಡುಗಿತು. ಮರುವರ್ಷ ಆಗಸ್ಟಿನಲ್ಲಿ ಅಲ್ಲಿ ದೀರ್ಘ ಕಾಲದ ಗೂಳಿ ಓಟ ಶುರುವಾದಾಗ ಆತ ಇನ್ನೂ ಕುಸಿತದ ಭವಿಷ್ಯವನ್ನೇ ನುಡಿಯುತ್ತಿದ್ದ.

ಆತನ ಸೂತ್ರಗಳಿಗೆ ಮರಳಿದರೆ, ‘ತೀರಾ ದೂರ’ ಎಂದರೆ ಎಷ್ಟು? ಇಲ್ಲಿ ಎಲ್ಲರಿಗೂ ಒಂದೇ ಅಂಕಿ ಬೇಕು. ಶೇ 10 ಅನ್ನಿ, ಶೇ 15 ಅನ್ನಿ, ಅವರು ಬರೆದುಕೊಂಡು ಹೋಗುತ್ತಾರೆ. ಅಂಥ ಅಂಕಿ ಇಲ್ಲ. ಸೋಪು, ಟೂತ್‌ಪೇಸ್ಟ್ ಮಾರುವ ದೊಡ್ಡ ಕಂಪನಿಯ ಷೇರು 20 ದಿನದ ಸರಾಸರಿಯಿಂದ ಶೇ 8 ದೂರ ಹೋದರೆ ಅದು ಸುದ್ದಿ. ಚಿಕ್ಕ ಲೋಹದ ಕಂಪನಿಯದು ಶೇ 8 ಹೋದರೆ ಅದು ದಿನದ ಮಾಮೂಲು, ಅಷ್ಟೇ. ಈ ತೊಡಕನ್ನು ಬಿಡಿಸಲು ನೆರವಾಗುವಂತೆ ವೆಲ್ಸ್ ವೈಲ್ಡರ್ 1978ರಲ್ಲಿ ಷೇರೊಂದು ದಿನವೊಂದಕ್ಕೆ ಸರಾಸರಿ ಎಷ್ಟು ಅಲ್ಲಾಡುತ್ತದೆ ಎಂದು ಅಳೆಯುವ ಎಟಿಆರ್ ಕೊಟ್ಟ. ಜಾನ್ ಬೋಲಿಂಜರ್ 1980ರ ದಶಕದಲ್ಲಿ 20 ದಿನದ ಸರಾಸರಿಯ ಎರಡೂ ಬದಿಗೆ ಎರಡು ಪ್ರಮಾಣ ವಿಚಲನೆಯಷ್ಟು ದೂರದಲ್ಲಿ ಪಟ್ಟಿ ಹಾಕಿದ. ತಾತ್ಪರ್ಯ ಇಷ್ಟೇ. ದೂರವನ್ನು ರೂಪಾಯಿಯಲ್ಲೂ ಅಳೆಯಬೇಡಿ, ಬರೀ ಶೇಕಡಾದಲ್ಲೂ ಅಳೆಯಬೇಡಿ, ಆ ಷೇರಿನ ಸ್ವಂತ ಹೆಜ್ಜೆಯಲ್ಲಿ ಅಳೆಯಿರಿ. ಆನೆಗೂ ಅಳಿಲಿಗೂ ‘ಹತ್ತು ಹೆಜ್ಜೆ’ ಒಂದೇ ದೂರವಲ್ಲ.

ಇನ್ನೂ ಒಳ್ಳೆಯದೆಂದರೆ ಆ ಷೇರಿನದೇ ಐದಾರು ವರ್ಷದ ಚರಿತ್ರೆ ತೆಗೆದು, ಪ್ರತಿದಿನದ ದೂರವನ್ನು ಬರೆದು, ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸುವುದು. ಇಂದಿನ ದೂರ ನೂರರಲ್ಲಿ ಎಷ್ಟನೆಯ ಸ್ಥಾನದಲ್ಲಿದೆ ಎಂದು ಆಗ ಕಾಣುತ್ತದೆ. ಎಕ್ಸೆಲ್ ಬಲ್ಲ ಯಾರಾದರೂ ಅರ್ಧ ಗಂಟೆಯಲ್ಲಿ ಮಾಡಬಹುದು. ಆದರೆ ಚರಿತ್ರೆಗೂ ಒಂದು ಅಂಚು ಉಂಟು, ಆ ಅಂಚಿನಾಚೆಗೂ ಮಾರುಕಟ್ಟೆ ಹೋಗುತ್ತದೆ. ಷೇರು ದಲ್ಲಾಳಿ ಹರ್ಷದ್ ಮೆಹ್ತಾ ಕಾಲದಲ್ಲಿ, 1992ರ ಜನವರಿ ಮಧ್ಯದಲ್ಲಿ ಸೆನ್ಸೆಕ್ಸ್ 2,000 ದಾಟಿತು, ಫೆಬ್ರುವರಿ ಕೊನೆಗೆ 3,000, ಮಾರ್ಚ್ ಕೊನೆಗೆ 4,000. ಸರಾಸರಿಯ ಗೆರೆ ನೋಡಿ 3,000ದಲ್ಲೇ ‘ಸಾಕು, ಎಳೆದದ್ದು ಹೆಚ್ಚಾಯಿತು’ ಅಂದವನ ಬುದ್ಧಿಗೆ ದೋಷವಿರಲಿಲ್ಲ. ಆದರೂ ಏಪ್ರಿಲ್ 22ಕ್ಕೆ ಸೂಚ್ಯಂಕ 4,467ಕ್ಕೆ ಹೋಗಿ ಅವನನ್ನು ಅಣಕಿಸಿತು. ಆರೇ ದಿನ ಬಿಟ್ಟು, ಏಪ್ರಿಲ್ 28ರಂದು 570 ಅಂಕ ಕುಸಿಯಿತು. ಮರುವರ್ಷ 2,000ದ ಮಟ್ಟವನ್ನೂ ಕಂಡಿತು. ಮೊದಲೇ ಮಾರಿದವನು ಗೆದ್ದ. ಕೈಯಲ್ಲಿಲ್ಲದ ಷೇರನ್ನು ಮಾರಿ ಮೊದಲೇ ಶಾರ್ಟ್ ಹೊಡೆದವನು ಗೆಲ್ಲುವ ಮುನ್ನವೇ ಮುಳುಗಿದ್ದ.

ಕೆಲವು ದೂರಗಳಲ್ಲಂತೂ ರಬ್ಬರಿನ ಪ್ರಶ್ನೆಯೇ ಇಲ್ಲ. ಇನ್ಫೋಸಿಸ್ 2013ರ ಜನವರಿ 11ರಂದು ಫಲಿತಾಂಶ ಕೊಟ್ಟಾಗ ಷೇರು ಒಂದೇ ದಿನ ಶೇ 17ರಷ್ಟು ಏರಿತು. ಸರಾಸರಿಯಿಂದ ದೂರ ಹೋಯಿತೆಂದು ಅಂದು ಮಾರಿದವರು ಮಾರ್ಚ್‌ವರೆಗೂ ಕೈ ಹಿಚುಕಿಕೊಂಡರು, ಷೇರು ಇನ್ನೂ ಮೇಲೆ ಹೋಗುತ್ತಲೇ ಇತ್ತು. ಏಪ್ರಿಲ್ 12ರಂದು ಮುಂದಿನ ಫಲಿತಾಂಶ ಬಂತು, ಒಂದೇ ದಿನ ಶೇ 21 ಕುಸಿಯಿತು, ಮೂರು ತಿಂಗಳ ಗಳಿಕೆ ಅಷ್ಟೂ ಒಂದು ಬೆಳಗಿನಲ್ಲಿ ಹೋಯಿತು. ಎರಡು ಸಲವೂ ಬೆಲೆಯನ್ನು ಅಲ್ಲಿಗೆ ಒಯ್ದದ್ದು ಹೊಸ ಸಂಗತಿ, ಉತ್ಸಾಹವಲ್ಲ. ಸಂಗತಿ ಬದಲಾದರೆ ಹಳೆಯ 20 ದಿನಗಳ ಸರಾಸರಿ ಯಾವುದಕ್ಕೆ ಸಾಕ್ಷಿ? ಹೊಸ ಮನೆಗೆ ಹೋದವನನ್ನು ಹಳೆಯ ವಿಳಾಸದಲ್ಲಿ ಹುಡುಕಿದಂತೆ.

ಇನ್ನೊಂದು ದೂರ ಬರೀ ಭ್ರಮೆ. 2024ರ ಡಿಸೆಂಬರ್ ಮೊದಲ ವಾರ ವಿಪ್ರೋ ಒಂದಕ್ಕೊಂದು ಬೋನಸ್ ಷೇರು ಕೊಟ್ಟಾಗ ಬೆಲೆ ಸಹಜವಾಗಿ ಅರ್ಧವಾಯಿತು. ಹಳೆಯ ಬೆಲೆಗಳನ್ನು ಸರಿಹೊಂದಿಸದ ಚಾರ್ಟಿನಲ್ಲಿ ನೋಡಿದರೆ ಷೇರು ಸರಾಸರಿಗಿಂತ ಅರ್ಧದಷ್ಟು ಕೆಳಗೆ! ಇಂಥ ಚಾರ್ಟ್ ನೋಡಿ ‘ಬಂಪರ್ ಚಾನ್ಸ್’ ಎಂದು ಓಡಿ ಬಂದವರೊಬ್ಬರನ್ನು ಬಲ್ಲೆ. ಕಾಫಿ ಕುಡಿಸಿ ಕಳಿಸಿದೆ.

ಇಷ್ಟೆಲ್ಲ ಹೇಳಿದ ಮೇಲೆ ನಾನು ಈ ಅಳತೆಯನ್ನು ಬಿಟ್ಟಿದ್ದೇನೆಯೇ ಎಂದರೆ, ಇಲ್ಲ. ದಿನವೂ ನೋಡುತ್ತೇನೆ. ಆದರೆ ಗಾಡಿಯ ಬ್ರೇಕಿನಂತೆ, ಆ್ಯಕ್ಸಿಲರೇಟರಿನಂತೆ ಅಲ್ಲ. ಒಂದು ಒಳ್ಳೆಯ ಷೇರು ಮೇಲೇರುತ್ತಿದೆ, ಕೊಳ್ಳಬೇಕೆನಿಸಿದೆ, ಆದರೆ 50 ದಿನದ ಸರಾಸರಿಯಿಂದ ತನ್ನ ಚರಿತ್ರೆಯಲ್ಲೇ ಅಪರೂಪವೆನಿಸುವಷ್ಟು ದೂರ ಹೋಗಿದೆ ಎಂದರೆ ಆ ದಿನ ಕೈ ಕಟ್ಟಿ ಕೂರುತ್ತೇನೆ. ಹಾಗೆ ಕೂತು ಕೆಲವು ಒಳ್ಳೆಯ ಓಟಗಳನ್ನು ಕಳೆದುಕೊಂಡಿದ್ದೇನೆ, ಪರವಾಗಿಲ್ಲ. ಅಷ್ಟು ದೂರದಲ್ಲಿ ಕೊಂಡರೆ ಸ್ಟಾಪ್ ಲಾಸ್ (ನಷ್ಟ ಇಷ್ಟಕ್ಕೇ ಸಾಕೆಂದು ಮಾರುವ ಬೆಲೆ) ಎಲ್ಲಿಡುವುದು? ಗೆರೆಯ ಕೆಳಗೆ ಇಟ್ಟರೆ ನಷ್ಟ ದೊಡ್ಡದು, ಹತ್ತಿರದಲ್ಲಿಟ್ಟರೆ ಮಾಮೂಲಿ ಅಲುಗಾಟಕ್ಕೇ ಸಿಕ್ಕಿಬೀಳುತ್ತದೆ. ನನ್ನ ಮಟ್ಟಿಗೆ ದೂರ ಎಂಬ ಅಂಕಿಯ ನಿಜವಾದ ಉಪಯೋಗ ಇದೊಂದೇ: ತಪ್ಪಾದರೆ ಎಷ್ಟು ಹೋಗುತ್ತದೆ ಎಂದು ಅದು ಮೊದಲೇ ಹೇಳುತ್ತದೆ.

ಕೆಳಗೆ ಬಿದ್ದದ್ದನ್ನು ಕೊಳ್ಳುವಾಗ ಇನ್ನೂ ಜಿಪುಣನಾಗುತ್ತೇನೆ. ಗೆರೆ ಏರುತ್ತಿದ್ದು ಬೆಲೆ ಅದರ ಕೆಳಗೆ ಜಾರಿದ್ದರೆ ಒಂದು ಲೆಕ್ಕ, ಗೆರೆಯೇ ಇಳಿಜಾರಿನಲ್ಲಿದ್ದರೆ ಬೇರೆ ಲೆಕ್ಕ. ಹಣವನ್ನು ನಾಲ್ಕು ಪಾಲು ಮಾಡಿ, ಮೊದಲ ಪಾಲು ಹಾಕಿದ ಮೇಲೆ ಬೆಲೆ ಮೇಲೆ ಬರಲು ಶುರುಮಾಡಿದರೆ ಮಾತ್ರ ಎರಡನೆಯದು. ಮಾರ್ಚ್ 12ರ ಖರೀದಿ ಕಲಿಸಿದ ಪಾಠ ಇದು. ದೂರ ನೋಡಿ ದಿನಕ್ಕೆ ಹತ್ತು ಸಲ ಒಳಗೆ ಹೊರಗೆ ಓಡಾಡುವವರಿಗೆ ಸೆಬಿಯೇ ಲೆಕ್ಕ ಹಾಕಿಟ್ಟಿದೆ. 2022-23ರಲ್ಲಿ ಷೇರುಗಳಲ್ಲಿ ಇಂಟ್ರಾಡೇ ಮಾಡಿದ ಹತ್ತು ಮಂದಿಯಲ್ಲಿ ಏಳು ಮಂದಿ ನಷ್ಟದಲ್ಲಿದ್ದರು. ಕೆಲವು ವಾರ ಇಟ್ಟುಕೊಂಡು ಪುಟಿತ ಹಿಡಿದರೂ, ಲಾಭದಲ್ಲಿ ಶೇ 20 ಅಲ್ಪಾವಧಿ ತೆರಿಗೆಗೆ ಹೋಗುತ್ತದೆ. ನಷ್ಟದಲ್ಲಿ ಪಾಲು ಕೇಳಲು ಮಾತ್ರ ಯಾರೂ ಬರುವುದಿಲ್ಲ.

ಇದೆಲ್ಲಕ್ಕಿಂತ ನನ್ನನ್ನು ಕಾಡಿದ್ದು ಪರಿಚಿತರೊಬ್ಬರ ಕಥೆ. 2018ರ ಆಗಸ್ಟ್‌ನಲ್ಲಿ ಯೆಸ್ ಬ್ಯಾಂಕ್ ಷೇರು 400 ರೂಪಾಯಿ ದಾಟಿತ್ತು. ಬ್ಯಾಂಕಿನ ಮುಖ್ಯಸ್ಥರ ಅವಧಿಯನ್ನು ರಿಸರ್ವ್ ಬ್ಯಾಂಕ್ ಮೊಟಕುಗೊಳಿಸಿತೆಂಬ ಸುದ್ದಿಗೆ ಸೆಪ್ಟೆಂಬರ್ 21ರಂದು ಒಂದೇ ದಿನ ಶೇ 28ಕ್ಕೂ ಹೆಚ್ಚು ಬಿದ್ದು 227ರ ಬಳಿ ನಿಂತಿತು. 200 ದಿನದ ಸರಾಸರಿಗಿಂತ ಸುಮಾರು ಮೂರನೇ ಒಂದು ಭಾಗ ಕೆಳಗೆ. ನಿಫ್ಟಿ 2020ರ ಮಾರ್ಚ್ 23ರಂದು ಇದ್ದದ್ದೂ ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿ. ಅವರು ಕೊಂಡರು. ಷೇರು 150ರ ಆಸುಪಾಸಿಗೆ ಹೋಯಿತು, ಇನ್ನಷ್ಟು ಕೊಂಡರು. ಪೇಟೆಯ ಭಾಷೆಯಲ್ಲಿ ‘ಆವರೇಜ್ ಮಾಡಿದರು’. ಒಂದು ಸರಾಸರಿ ಗೆರೆಯದ್ದು, ಇನ್ನೊಂದು ಇವರ ಕೊಂಡ ಬೆಲೆಯದ್ದು. ಎರಡೂ ಕೆಳಗೆ ಇಳಿಯುತ್ತಿದ್ದದ್ದನ್ನು ಅವರು ಸಮಾಧಾನವೆಂದೇ ಓದಿಕೊಂಡರು.

ವಿಚಿತ್ರವೆಂದರೆ 2019ರ ಏಪ್ರಿಲ್‌ನಲ್ಲಿ ಷೇರು ನಿಜಕ್ಕೂ ಗೆರೆಗೆ ಮರಳಿತು. 270 ದಾಟಿತು, ಅವರು ಲಾಭದಲ್ಲಿದ್ದರು, ಮಾರಲಿಲ್ಲ. ಏಪ್ರಿಲ್ 26ರಂದು ಬ್ಯಾಂಕ್ ತನ್ನ ಚರಿತ್ರೆಯ ಮೊದಲ ತ್ರೈಮಾಸಿಕ ನಷ್ಟ ಪ್ರಕಟಿಸಿತು, ಸುಮಾರು 1,507 ಕೋಟಿ ರೂಪಾಯಿ. 30ರಂದು ಷೇರು ಮತ್ತೆ ಶೇ 29ರಷ್ಟು ಉರುಳಿತು. ಮತ್ತೆ ಗೆರೆಯಿಂದ ದೂರ, ಮತ್ತೆ ಖರೀದಿ. 2020ರ ಮಾರ್ಚ್ 5ರಂದು ಬ್ಯಾಂಕಿನ ಮೇಲೆ ನಿರ್ಬಂಧ ಹೇರಲಾಯಿತು, ಮರುದಿನ ಬೆಲೆ 6 ರೂಪಾಯಿಗಿಂತ ಕೆಳಗೂ ಇಣುಕಿತು. ಪುನರ್ರಚನೆಯ ಯೋಜನೆಯಲ್ಲಿ, ನೂರಕ್ಕಿಂತ ಹೆಚ್ಚು ಷೇರು ಇದ್ದವರ ಷೇರುಗಳಲ್ಲಿ ಮುಕ್ಕಾಲು ಪಾಲಿಗೆ ಮೂರು ವರ್ಷ ಬೀಗ ಬಿತ್ತು.

2023ರ ಮಾರ್ಚ್ 13ರಂದು ಆ ಬೀಗ ತೆರೆಯಿತು. ಅಂದು ಬೆಳಿಗ್ಗೆ ಅವರು ಫೋನ್ ಮಾಡಿ, ಈಗ ಸರಾಸರಿಯಿಂದ ಎಷ್ಟು ದೂರದಲ್ಲಿದೆ ನೋಡಿ ಹೇಳಿ ಅಂದರು. ನೋಡಿದೆ. ಬೆಲೆ 16 ರೂಪಾಯಿಯ ಆಸುಪಾಸಿನಲ್ಲಿತ್ತು. 200 ದಿನದ ಗೆರೆಯೂ ಅಲ್ಲೇ ಪಕ್ಕದಲ್ಲಿತ್ತು.